ಅಪ್ಪನ ಸ್ಕೂಲು

"ಅಪ್ಪನ ಸ್ಕೂಲಿಗೆ ನನ್ನನ್ನ ಯಾಕೆ ಸೇರಿಸ್ಲಿಲ್ಲ?"

ಕಳೆದ ದೀಪಾವಳಿಯ ಊಟಕ್ಕೆ ತಮ್ಮನ ಮನೆಯಲ್ಲಿ ಸೇರಿದ್ದೆವು. ಕೇಳಿದವಳು ಮೂರನೇ ಕ್ಲಾಸಿನಲ್ಲಿರುವ ಅವನ ಮಗಳು. ಮಾತು ನಡೆಯುತ್ತಿದ್ದದ್ದು ಅವಳ ಬಗ್ಗೆ ಅಲ್ಲ, ಜೂನ್‌ಗೆ ಎಲ್‌ಕೆಜಿ ಸೇರಬೇಕಿದ್ದ ಅವಳ ತಮ್ಮನ ಬಗ್ಗೆ. ನನ್ನ ತಮ್ಮ ಓದಿದ್ದು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಹುಡುಗರ ಹಳೆಯ ಶಾಲೆಯೊಂದರಲ್ಲಿ. ಮಗನೂ ಅಲ್ಲೇ ಓದಬೇಕು ಅನ್ನುವುದು ಮಗ ಹುಟ್ಟಿದ ದಿನವೇ ಅವನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಮಗಳು ಹೋಗುವುದು ಬನಶಂಕರಿಯ ಅವರ ಮನೆಯಿಂದ ನಡೆದೇ ಹೋಗಬಹುದಾದ, ಹುಡುಗ ಹುಡುಗಿಯರು ಕೂಡಿ ಓದುವ ಶಾಲೆಗೆ. ಅವಳಿಗೆ ಶಾಲೆ ಹುಡುಕಿದ್ದು ಒಂದೇ ವಾರ. ಮಗನ ಶಾಲೆಯ ಚರ್ಚೆ ನಾಲ್ಕು ವರ್ಷದಿಂದ ನಡೆದಿತ್ತು.

"ಅದು ಹುಡುಗರ ಸ್ಕೂಲು, ಪುಟ್ಟಿ," ಅಂದ ತಮ್ಮ.

"ನಾನು ಒಳಗೇ ಹೋಗ್ಬಾರ್ದಾ?"

"ಹೋಗ್ಬೋದು. ಸ್ಪೋರ್ಟ್ಸ್ ಡೇ ದಿನ ಹೋಗ್ಬೋದು."

ಅವಳು ಹೋಳಿಗೆಯ ಕಡೆ ತಿರುಗಿದಳು. ದೊಡ್ಡವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ತಮ್ಮ ಫೋನ್ ಮಾಡಿದ. "ಅಕ್ಕ, ನೀನು ಎಲ್ಲದರ ಬಗ್ಗೆ ಬರೀತೀಯ, ಇದನ್ನೂ ಒಂದ್ಸಲ ಸರಿಯಾಗಿ ನೋಡಿ ಹೇಳು. ನಂದು ಬರೀ ಹಳೇ ಪ್ರೀತಿನಾ, ಇಲ್ಲಾ ಅಲ್ಲಿ ನಿಜವಾಗ್ಲೂ ಏನಾದ್ರೂ ಇದೆಯಾ?"

ಎರಡು ತಿಂಗಳು ಅದನ್ನೇ ಹಿಡಿದು ಕೂತೆ. ಪ್ರತಿ ಚಳಿಗಾಲ ಅರ್ಜಿ ಕೈಯಲ್ಲಿ ಹಿಡಿದು ಇದೇ ಪ್ರಶ್ನೆಯ ಮುಂದೆ ನಿಲ್ಲುವ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅವನಿಗೆ ಹೇಳಿದ್ದನ್ನು ಅವರಿಗೂ ಹೇಳಬೇಕೆನಿಸಿತು.

ಈ ಶಾಲೆಗಳು ಹುಡುಗರಿಗೆ ಮಾತ್ರ ಎಂದಾದದ್ದು ಹೇಗೆ ಎಂಬುದರಿಂದಲೇ ಶುರುಮಾಡಿದೆ. ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಕಲ್ಕತ್ತಾದ ಬಿಷಪ್ ಆಗಿ ಬಂದದ್ದು 1858ರಲ್ಲಿ, ಸಿಪಾಯಿ ದಂಗೆಯ ಬಿಸಿ ಇನ್ನೂ ಆರದಿದ್ದಾಗ. ಅದಕ್ಕೂ ಮೊದಲು ಅವರು ಮೇಷ್ಟರು. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಅರ್ನಾಲ್ಡ್ ಕೈಕೆಳಗೆ ಪಾಠ ಹೇಳಿದ್ದರು, ಆಮೇಲೆ ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥರಾಗಿದ್ದರು. ಅರ್ನಾಲ್ಡರ ಪದ್ಧತಿಯ ಒಳಗುಟ್ಟು ಸರಳವಾದದ್ದು. ಮಕ್ಕಳನ್ನು ಹೌಸ್‌ಗಳಾಗಿ ಹಂಚಬೇಕು, ಬೆಳಗ್ಗೆ ಚಾಪೆಲ್ ಇರಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಚಿಕ್ಕವರನ್ನು ಅಂಕೆಯಲ್ಲಿಡುವ ಅಧಿಕಾರವನ್ನು ದೊಡ್ಡ ಹುಡುಗರ ಕೈಗೆ ಕೊಡಬೇಕು. ಪ್ರಿಫೆಕ್ಟ್ ಎಂಬ ಹುದ್ದೆಗೆ ಆ ತೂಕ ಬಂದದ್ದು ಹೀಗೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಭಾರತದಲ್ಲಿದ್ದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಇಂಥ ಶಾಲೆಗಳು ಬೇಕೆಂದು ಕಾಟನ್ ಓಡಾಡಿದರು. ಅವರ ಹೆಸರಿನಲ್ಲಿ 1865ರಲ್ಲಿ ಬೆಂಗಳೂರಿನಲ್ಲಿ ಶಾಲೆ ತೆರೆದವರು ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ. ಮರುವರ್ಷವೇ ಕಾಟನ್ ನದಿಯಲ್ಲಿ ಮುಳುಗಿ ತೀರಿಕೊಂಡರು. 1870ರ ದಶಕದಲ್ಲಿ ಆ ಶಾಲೆಯನ್ನು ನಡೆಸಿದವರು ಜಿ.ಯು. ಪೋಪ್, ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಅದೇ ವಿದ್ವಾಂಸ. ಫ್ರೆಂಚ್ ಪಾದ್ರಿಗಳು ಕಟ್ಟಿದ ಸೇಂಟ್ ಜೋಸೆಫ್ 1937ರಲ್ಲಿ ಜೆಸ್ವಿಟರ ಕೈಗೆ ಬಂತು. ಅಮೆರಿಕದ ಮೆಥಡಿಸ್ಟರ ಬಾಲ್ಡ್‌ವಿನ್ ಶಾಲೆ 1880ರದ್ದು.

ಹುಡುಗರ ಮೆದುಳು ಬೇರೆ, ಅವರಿಗೆ ಬೇರೆಯೇ ಪಾಠಕ್ರಮ ಬೇಕು ಎಂಬ ಯೋಚನೆಯಿಂದ ಇವು ಹುಟ್ಟಿದವಲ್ಲ. ಕಚೇರಿ, ರೈಲು, ಸೈನ್ಯ, ಚರ್ಚು ಎಲ್ಲ ಕೆಲಸವೂ ಗಂಡಸರದಾಗಿದ್ದ ಕಾಲ ಅದು. ಕೆಲಸಕ್ಕೆ ತಯಾರು ಮಾಡುವ ಶಾಲೆಯೂ ಗಂಡುಮಕ್ಕಳದೇ ಆಯಿತು. ಹೆಣ್ಣುಮಕ್ಕಳಿಗೆ ಬೇರೆ ಶಾಲೆ, ಬೇರೆ ಕಾಂಪೌಂಡು. ಇಂದು ಸಂಪ್ರದಾಯ ಎಂದು ಹೆಮ್ಮೆಯಿಂದ ಹೇಳುವ ಸಂಗತಿ ಆಗ ಊರೆಲ್ಲದರ ವಾಡಿಕೆ ಅಷ್ಟೇ ಆಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್ನಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹೊರಟವು. ಖಾಲಿಯಾದ ಬೆಂಚುಗಳಿಗೆ ಪೇಟೆಯ ಕಡೆಯಿಂದ ಕಬ್ಬನ್ ಪಾರ್ಕು ದಾಟಿಕೊಂಡು ಬಂದವರಲ್ಲಿ ನಮ್ಮಂಥ ಕನ್ನಡದ ಮನೆಗಳೂ ಇದ್ದವು. ಅಪ್ಪ ತಮ್ಮನನ್ನು ಅಲ್ಲಿಗೆ ಸೇರಿಸಿದ್ದು ಇಂಗ್ಲಿಷಿಗಾಗಿ. ನನ್ನನ್ನು ಬಸವನಗುಡಿಯಲ್ಲೇ ಬಿಟ್ಟದ್ದು ಮನೆಗೆ ಹತ್ತಿರ ಎಂದು. ಒಂದು ತಲೆಮಾರು ಕಳೆದಿದೆ, ತಮ್ಮನ ಮನೆಯಲ್ಲಿ ಲೆಕ್ಕ ಮಾತ್ರ ಹಾಗೇ ಇದೆ.

ಈ ಶಾಲೆಗಳ ಬಗ್ಗೆ ಮಾತು ತೆಗೆದರೆ ಮೊದಲು ಬರುವುದು ಹೆಸರುಗಳ ಪಟ್ಟಿ. ಜನರಲ್ ತಿಮ್ಮಯ್ಯ, ರಾಜಾ ರಾಮಣ್ಣ, ನಂದನ್ ನಿಲೇಕಣಿ ಕಾಟನ್‌ನವರು, ರಾಹುಲ್ ದ್ರಾವಿಡ್ ಜೋಸೆಫ್‌ನವರು. ನಿಜವೇ. ಆದರೆ ದ್ರಾವಿಡ್ ಜೊತೆಗೇ ಆಡಿದ ಅನಿಲ್ ಕುಂಬ್ಳೆ ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ. ಪಟ್ಟಿ ಹಿಡಿದು ಶಾಲೆ ಆರಿಸುವುದು ಬಿತ್ತನೆಗೆ ಗಟ್ಟಿ ಕಾಳನ್ನೇ ಆರಿಸಿ, ಬೆಳೆ ಬಂದ ಮೇಲೆ ನೇಗಿಲನ್ನು ಹೊಗಳಿದ ಹಾಗೆ.

ಅಂಕಗಳ ವಿಚಾರವೂ ಇದೇ. ಹುಡುಗರ ಶಾಲೆಯ ಫಲಿತಾಂಶ ಚೆನ್ನಾಗಿದೆ ಎನ್ನುವಾಗ ಅಲ್ಲಿಗೆ ಬರುವ ಮಕ್ಕಳ ಮನೆಯ ಆದಾಯ, ಅಪ್ಪ ಅಮ್ಮನ ಓದು, ಪ್ರವೇಶದಲ್ಲೇ ಆಗುವ ಸೋಸುವಿಕೆ, ಸಂಜೆಯ ಟ್ಯೂಷನ್ ಎಲ್ಲವನ್ನೂ ಶಾಲೆಯ ಖಾತೆಗೆ ಜಮಾ ಮಾಡಿರುತ್ತೇವೆ. 2014ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು 21 ದೇಶಗಳ 184 ಅಧ್ಯಯನಗಳನ್ನು, ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಅಧ್ಯಯನಗಳಲ್ಲಿ ಪ್ರತ್ಯೇಕ ಶಾಲೆಯ ಲಾಭ ಹೆಚ್ಚುಕಡಿಮೆ ಕರಗಿಹೋಗಿತ್ತು.

ಇದರ ಎದುರು ನಿಲ್ಲುವ ಪುರಾವೆಯೂ ಇದೆ, ಅದನ್ನು ಮುಚ್ಚಿಡಬಾರದು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 1974ರಿಂದ ಹೈಸ್ಕೂಲು ಹಂಚಿಕೆ ಲಾಟರಿಯ ಮೂಲಕ ನಡೆಯುತ್ತಿತ್ತು, ಶಾಲೆಯನ್ನು ಮನೆಯವರು ಆರಿಸುವಂತಿರಲಿಲ್ಲ. ಅಲ್ಲಿನ ಮಕ್ಕಳನ್ನು ಹೋಲಿಸಿದ 2013ರ ಅಧ್ಯಯನಕ್ಕೆ ಹುಡುಗರೇ ಇರುವ, ಹುಡುಗಿಯರೇ ಇರುವ ಶಾಲೆಗಳಲ್ಲಿ ಅಂಕವೂ ಕಾಲೇಜು ಸೇರುವವರ ಪ್ರಮಾಣವೂ ಹೆಚ್ಚು ಕಂಡವು. ಟ್ರಿನಿಡಾಡ್ ಸರ್ಕಾರ 2010ರಲ್ಲಿ ಹಿಂದುಳಿದ 20 ಶಾಲೆಗಳನ್ನು ಪ್ರತ್ಯೇಕ ಶಾಲೆಗಳಾಗಿ ಬದಲಿಸಿದಾಗಲೂ ಮಕ್ಕಳ ಕಲಿಕೆ ಸುಧಾರಿಸಿತು. ಹಾಗಾಗಿ ಲಾಭವೇ ಇಲ್ಲ ಎಂದು ಮೇಜು ಕುಟ್ಟಿ ಹೇಳಲಾರೆ. ಆದರೆ ಒಂದು ಕಡೆ ಲಾಟರಿಯಲ್ಲಿ ಬಂದ ಮಕ್ಕಳು, ಇನ್ನೊಂದು ಕಡೆ ಹಿಂದುಳಿದ ಶಾಲೆಗಳು. ಎಲ್ಲ ಅನುಕೂಲವೂ ಇರುವ ಬನಶಂಕರಿಯ ಮನೆಯ ಹುಡುಗನಿಗೆ ಪಕ್ಕದ ಬೆಂಚಿನಲ್ಲಿ ಹುಡುಗಿ ಇಲ್ಲದ್ದರಿಂದ ಗಣಿತ ಚೆನ್ನಾಗಿ ಬರುತ್ತದೆ ಎಂದು ಅವುಗಳಿಂದ ತೀರ್ಮಾನಿಸಲು ನನಗೆ ಧೈರ್ಯವಿಲ್ಲ.

ಹಾಗಾದರೆ ಅಲ್ಲಿ ಏನಿದೆ?

ಮೈದಾನ ಇದೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಒಂದು ಸಂಜೆ ತಮ್ಮನ ಜೊತೆ ಅವನ ಶಾಲೆಗೆ ಹೋದೆ. ಹೊರಗೆ ಹಾರ್ನುಗಳ ಗದ್ದಲ, ಗೇಟು ದಾಟಿದರೆ ಮಳೆಮರಗಳ ಸಾಲು, ಅದರಾಚೆ ಕಣ್ಣಿಗೆ ಅಡ್ಡವೇ ಇಲ್ಲದಷ್ಟು ಕೆಂಪು ಮಣ್ಣು, ಹುಲ್ಲು. ಐದಾರು ಗುಂಪುಗಳು ಒಂದೇ ಹೊತ್ತಿಗೆ ಬೇರೆಬೇರೆ ಆಟ ಆಡುತ್ತಿದ್ದವು. ಯಾವ ಚೆಂಡು ಯಾರದ್ದು ಎಂಬ ಗೊಂದಲ ನೋಡುವ ನನಗೇ ಹೊರತು ಅವರಿಗಿರಲಿಲ್ಲ. ಈ ಊರಿನಲ್ಲಿ ಅಷ್ಟು ಜಾಗವನ್ನು ಇನ್ನು ಯಾವ ಹೊಸ ಶಾಲೆಯೂ ಕೊಳ್ಳಲಾರದು. ನನ್ನ ಸೋದರ ಸೊಸೆಯ ಶಾಲೆಯಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟು, ತಾರಸಿಯ ಮೇಲೆ ಹಸಿರು ಪ್ಲಾಸ್ಟಿಕ್ಕಿನ ಹಾಸು. ಓಡಬೇಡಿ ಎಂದು ಬಿಡುವಿನ ಹೊತ್ತಿನಲ್ಲಿ ಮಕ್ಕಳಿಗೆ ಹೇಳುವ ಶಾಲೆ ಅದು, ಏಕೆಂದರೆ ಓಡಿದರೆ ಡಿಕ್ಕಿಯಾಗುತ್ತದೆ.

ಸಮಯವೂ ಇದೆ ಅಲ್ಲಿ. ತಮ್ಮನ ಮೇಷ್ಟರಲ್ಲಿ ಕೆಲವರು ಇಡೀ ವೃತ್ತಿಜೀವನವನ್ನು ಅಲ್ಲೇ ಕಳೆದವರು. ಅಣ್ಣನಿಗೂ ತಮ್ಮನಿಗೂ ಪಾಠ ಹೇಳಿದವರು, ಅಪ್ಪನ ಚೇಷ್ಟೆಯನ್ನು ಮಗನಿಗೆ ನೆನಪಿಸುವವರು. ಹೊಸ ಶಾಲೆಗಳಲ್ಲಿ ವರ್ಷ ಕಳೆಯುವಷ್ಟರಲ್ಲಿ ಟೀಚರ್ ಬದಲಾಗಿರುತ್ತಾರೆ.

ಮೈದಾನ, ಮರ, ಉಳಿದುಕೊಂಡ ಮೇಷ್ಟರು ಇವೆಲ್ಲ ಬೆಲೆಯುಳ್ಳವೇ. ಆದರೆ ಇವು ಯಾವುವೂ ಹುಡುಗಿಯರು ಇಲ್ಲದ್ದರಿಂದ ಬಂದವಲ್ಲ, ಹಳೆಯದಾದ್ದರಿಂದ ಬಂದವು. ಇದನ್ನು ತಮ್ಮನಿಗೆ ಹೇಳಿದಾಗ ಅವನು ಮರುಮಾತಾಡಲಿಲ್ಲ. ಕಾಫಿ ಕುಡಿಯೋಣ ಬಾ ಅಂದ.

ಆ ಕಾಫಿಯ ಮುಂದೆ ಅವನು ಹೇಳಿದ್ದು ಮೂವತ್ತು ವರ್ಷ ನನಗೆ ಗೊತ್ತಿಲ್ಲದ ವಿಷಯ. ಏಳನೇ ಕ್ಲಾಸಿನಲ್ಲಿದ್ದಾಗ ಹೌಸ್ ಪಂದ್ಯದಲ್ಲಿ ಸೋತು ಅತ್ತಿದ್ದನಂತೆ. ಅತ್ತದ್ದಕ್ಕೆ ಒಬ್ಬ ಪ್ರಿಫೆಕ್ಟ್ ಅವನನ್ನು ಆಟದ ಸಾಮಾನಿನ ಕೋಣೆಯ ಹಿಂದೆ ಕರೆದುಕೊಂಡು ಹೋಗಿ ಹಾಕಿ ಸ್ಟಿಕ್ಕಿನಲ್ಲಿ ಮೀನಖಂಡಕ್ಕೆ ಹೊಡೆದ. ಸುತ್ತ ಹತ್ತು ಹುಡುಗರಿದ್ದರು. ಅಮ್ಮ ಬಾಸುಂಡೆ ನೋಡಿ ಕೇಳಿದಾಗ ಮೆಟ್ಟಿಲ ಮೇಲೆ ಬಿದ್ದೆ ಅಂದಿದ್ದ. ಅಂದಿನಿಂದ ಅಪ್ಪನ ಸಾವಿನವರೆಗೆ ತಾನು ಯಾರೆದುರೂ ಅತ್ತಿಲ್ಲ ಎಂದ.

"ಅಪ್ಪ ಐಸಿಯುನಲ್ಲಿ ಇದ್ದಾಗ ಒಂಬತ್ತು ರಾತ್ರಿ ಪಾಳಿ ಮಾಡ್ಕೊಂಡು ನನ್ ಜೊತೆ ಕೂತೋರು ನಾಲ್ಕು ಜನ, ನೆನಪಿದೆಯಾ ಅಕ್ಕ? ಆವತ್ತು ಸುತ್ತ ನಿಂತಿದ್ದ ಹತ್ತು ಜನರಲ್ಲಿ ಇಬ್ಬರು ಅವರೇ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಗೆಳೆತನ ನಿಜ, ಆ ಏಟೂ ನಿಜ. ಬಾಯಿ ಬಿಡದಿರುವುದನ್ನೇ ಗಂಡಸುತನ ಎಂದು ಒಟ್ಟಿಗೆ ಕಲಿತವರು ಅವರೆಲ್ಲ. ಜೊತೆಗೆ ಕಲಿತದ್ದರಿಂದಲೇ ಬಿಡಿಸಲಾಗದ ನಂಟು. ರಗ್ಬಿಯಲ್ಲಿ ಅರ್ನಾಲ್ಡ್ ದೊಡ್ಡ ಹುಡುಗರ ಕೈಗೆ ಕೊಟ್ಟ ಅಧಿಕಾರ ಸಮುದ್ರ ದಾಟಿ, ಒಂದೂವರೆ ಶತಮಾನ ದಾಟಿ, ನಮ್ಮ ಮನೆಯ ಹುಡುಗನ ಕಾಲಿನ ಮೇಲೆ ಬಂದು ಬಿದ್ದಿತ್ತು.

ಅಲ್ಲಿಂದ ಮುಂದೆ ನಾನು ನೋಡಿದ ಶಾಲೆಗಳಲ್ಲೆಲ್ಲ ಒಂದೇ ಪ್ರಶ್ನೆ ಮೊದಲು ಕೇಳತೊಡಗಿದೆ: ಇಲ್ಲಿ ಚಿಕ್ಕ ಹುಡುಗನೊಬ್ಬನಿಗೆ ದೊಡ್ಡ ಹುಡುಗ ಹೊಡೆದರೆ ಅವನು ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ? ಉತ್ತರಗಳು ನಾನು ಎಣಿಸಿದಂತೆ ಇರಲಿಲ್ಲ. ತಮ್ಮನ ಹಳೆಯ ಶಾಲೆಯವರು ಒಂದು ಕ್ಷಣವೂ ತಡವರಿಸಲಿಲ್ಲ. ಪ್ರಿಫೆಕ್ಟ್‌ಗಳಿಗೆ ಈಗ ಶಿಕ್ಷೆ ಕೊಡುವ ಅಧಿಕಾರವೇ ಇಲ್ಲ ಎಂದರು, ಇಬ್ಬರು ಆಪ್ತ ಸಮಾಲೋಚಕಿಯರ ಕೋಣೆ ತೋರಿಸಿದರು, ಬಂದ ದೂರನ್ನು ಹೇಗೆ ಬರೆದಿಡುತ್ತಾರೆ, ಪೋಷಕರಿಗೆ ಯಾವಾಗ ಹೇಳುತ್ತಾರೆ, ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ಯಾವಾಗ ಹೋಗಲೇಬೇಕು ಎಂಬುದನ್ನು ವಿವರಿಸಿದರು. ಹುಡುಗ ಹುಡುಗಿಯರಿಬ್ಬರೂ ಇರುವ ಒಂದು ಹೊಸ ಶಾಲೆಯಲ್ಲಿ ಸಿಕ್ಕ ಉತ್ತರ, "ನಮ್ಮಲ್ಲಿ ಅಂಥದ್ದೆಲ್ಲ ಆಗೋದೇ ಇಲ್ಲ ಮೇಡಂ." ಈ ಉತ್ತರ ಕೊಡುವ ಶಾಲೆಗೆ, ಅದು ಯಾವ ಬಗೆಯದಾದರೂ, ನಾನು ಮಗುವನ್ನು ಕಳಿಸಲಾರೆ.

ಇನ್ನು ಇಲ್ಲದವರ ವಿಷಯ. ಹುಡುಗಿಯರು ಇಲ್ಲ ಎಂಬುದು ಕಣ್ಣಿಗೆ ಕಾಣುವ ಗೈರುಹಾಜರಿ. ಕಾಣದ ಇನ್ನೊಂದು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು ಎಂದಿತು. ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳನ್ನು 2012ರಲ್ಲಿ, ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ 2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರಿಂದ ಹೊರಗಿಟ್ಟಿತು. ದಂಡಿನ ಮಿಷನ್ ಶಾಲೆಗಳು ಈ ಸಾಲಿಗೆ ಸೇರಿದವು. ಹಾಗೆಂದು ಹೊಸ ಖಾಸಗಿ ಶಾಲೆಗಳು ಬೀಗುವಂತಿಲ್ಲ. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದು ಕರ್ನಾಟಕ 2019ರ ಹೊತ್ತಿಗೆ ನಿಯಮ ಬದಲಿಸಿದ ಮೇಲೆ ಅಲ್ಲಿಯೂ ಆ ಮಕ್ಕಳು ಬಹುಮಟ್ಟಿಗೆ ಕಾಣೆಯಾಗಿದ್ದಾರೆ. ನನ್ನ ಸೋದರ ಸೊಸೆಯ ಕ್ಲಾಸಿನಲ್ಲಿ ಅವಳ ಮನೆಗೆಲಸದವರ ಮಗಳಂಥ ಒಂದು ಮಗುವೂ ಇಲ್ಲ. ಕೂಡಿ ಓದುವುದು ಎಂದರೆ ಇಲ್ಲಿ ಶುಲ್ಕ ಕಟ್ಟಬಲ್ಲ ಮನೆಗಳ ಹುಡುಗ ಹುಡುಗಿಯರು ಕೂಡುವುದು, ಅಷ್ಟೇ.

ಆ ಅಷ್ಟೇ ಎಂಬುದೂ ಸಣ್ಣದಲ್ಲ ಎಂದು ನನಗೆ ತೋರಿಸಿಕೊಟ್ಟವಳು ತಮ್ಮನ ಹೆಂಡತಿ. ಅವಳು ಓದಿದ್ದು ಹಾಸನದ ಕಡೆಯ ಸರ್ಕಾರಿ ಶಾಲೆಯಲ್ಲಿ, ಈಗ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ತಂಡವನ್ನು ನೋಡಿಕೊಳ್ಳುತ್ತಾಳೆ. "ಅಕ್ಕ, ಮೀಟಿಂಗಲ್ಲಿ ನಾನು ಹೇಳಿದ್ದನ್ನೇ ಐದು ನಿಮಿಷ ಬಿಟ್ಟು ಇನ್ನೊಬ್ಬ ಗಂಡಸು ಹೇಳಿದಾಗ ತಲೆ ಆಡಿಸೋರು ಇದಾರೆ. ಅವರೆಲ್ಲ ಹುಡುಗರ ಸ್ಕೂಲಿನವರೇ ಅಂತ ನಾನು ಹೇಳಲ್ಲ. ಆದ್ರೆ ನಮ್ಮ ಶಾಲೇಲಿ ಲೆಕ್ಕದಲ್ಲಿ ನನ್ನ ಹಿಂದೆ ಬಿದ್ದ ಹುಡುಗರು ದಿನಾ ನನ್ನ ನೋಟ್ಸ್ ಕೇಳೋಕೆ ಬರ್ತಿದ್ರು. ಹುಡುಗಿ ತನಗಿಂತ ಜಾಣೆ ಆಗಿರ್ಬೋದು ಅನ್ನೋದು ಅವರಿಗೆ ಹತ್ತು ವರ್ಷಕ್ಕೇ ಅಭ್ಯಾಸ ಆಗಿತ್ತು. ನನ್ನ ಮಗನಿಗೆ ಅದು ಇಪ್ಪತ್ತೆರಡನೇ ವಯಸ್ಸಿಗೆ ಆಫೀಸಲ್ಲಿ ಗೊತ್ತಾಗೋದು ಬೇಡ."

ಇದಕ್ಕೆ ಅಧ್ಯಯನದ ಆಧಾರ ಬೇಡ ಎನಿಸಿತು ನನಗೆ.

ಕಾಟನ್ ಪಾಠ ಹೇಳಿದ ಶಾಲೆಗಳ ಮುಂದಿನ ಕತೆಯನ್ನು ನಮ್ಮಲ್ಲಿ ಸಂಪ್ರದಾಯದ ಹೆಸರೆತ್ತುವವರು ಹೇಳುವುದಿಲ್ಲ. ಕಾಟನ್ ಮುಖ್ಯಸ್ಥರಾಗಿದ್ದ ಮಾರ್ಲ್‌ಬರೊ 1968ರಲ್ಲೇ ಮೇಲಿನ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಂಡಿತು, ರಗ್ಬಿ 1975ರಲ್ಲಿ. ಇಂಗ್ಲೆಂಡಿನವೇ ಆದ ಈಟನ್, ಹ್ಯಾರೋ ಇಂದಿಗೂ ಹುಡುಗರವೇ, ವಿಂಚೆಸ್ಟರ್ 2022ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯಿತು. ಈ ಬದಲಾವಣೆ ಎಲ್ಲ ಕಡೆಯೂ ಸುಲಭವಾಗಿ ಆಗಿಲ್ಲ. ಸಿಡ್ನಿಯ ನ್ಯೂಯಿಂಗ್ಟನ್ ಕಾಲೇಜು ಹುಡುಗಿಯರನ್ನು ಸೇರಿಸುತ್ತೇವೆ ಎಂದು 2023ರಲ್ಲಿ ಪ್ರಕಟಿಸಿದ ಮೇಲೆ ಹಳೆಯ ವಿದ್ಯಾರ್ಥಿಗಳು ಗೇಟಿನ ಮುಂದೆ ಫಲಕ ಹಿಡಿದು ನಿಂತರು, ಜಗಳ ಕೋರ್ಟಿನವರೆಗೂ ಹೋಯಿತು. ನಮ್ಮಲ್ಲೇ ನೋಡಿ, 1963ರಿಂದ ಹುಡುಗರನ್ನಷ್ಟೇ ಕಂಡಿದ್ದ ವಿಜಯಪುರದಂಥ ಸೈನಿಕ ಶಾಲೆಗಳಿಗೆ 2021ರ ನಂತರ ಹುಡುಗಿಯರು ಬಂದಿದ್ದಾರೆ. ಗಂಡುಮಕ್ಕಳ ಶಾಲೆಯಾಗಿಯೇ ಉಳಿಯಲು ಎಲ್ಲರಿಗಿಂತ ಹೆಚ್ಚು ಕಾರಣ ಹೇಳಬಹುದಾಗಿದ್ದವರು ಸೈನ್ಯದವರು. ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆಯದು, 1953ರದ್ದು, ಬೇರೆಯೇ ಮಾತು. ಅಲ್ಲಿ ಹುಡುಗರು ಆಶ್ರಮದ ಶಿಸ್ತಿನಲ್ಲಿ ಉಳಿದು ಓದುತ್ತಾರೆ, ಅದನ್ನು ಆರಿಸುವ ಪೋಷಕರು ಆರಿಸುವುದು ಒಂದು ಜೀವನಕ್ರಮವನ್ನು. ಅದನ್ನು ಈ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕೊನೆಗೆ ತಮ್ಮನ ಮನೆಯಲ್ಲಿ ತಕ್ಕಡಿ ವಾಲಿದ್ದು ಇವು ಯಾವುದರಿಂದಲೂ ಅಲ್ಲ, ವ್ಯಾನಿನಿಂದ. ಮನೆಯಿಂದ ಅವನ ಶಾಲೆಗೆ 12 ಕಿಲೋಮೀಟರ್. ಬೆಳಗ್ಗೆ ವ್ಯಾನ್ ಹಲವು ಮನೆ ಸುತ್ತಿ ತಲುಪಲು ಒಂದೂಕಾಲು ಗಂಟೆ, ವಾಪಸಿಗೂ ಅಷ್ಟೇ. ದಿನಕ್ಕೆ ಎರಡೂವರೆ ಗಂಟೆ, ವರ್ಷಕ್ಕೆ 200 ದಿನ ಎಂದು ಹಿಡಿದರೂ 500 ಗಂಟೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಐದನೇ ತರಗತಿವರೆಗಿನ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಎಂದು ಹೇಳುವ ಪಾಠದ ಅವಧಿ 800 ಗಂಟೆ. ಕಾಗದದ ಮೇಲೆ ಈ ಎರಡು ಅಂಕಿ ಒಂದರ ಪಕ್ಕ ಒಂದು ಬರೆದು ತೋರಿಸಿದೆ. ಐನೂರು ಗಂಟೆ ವ್ಯಾನಿನಲ್ಲಿ ಕೂತು ಬಂದ ಹುಡುಗನಿಗೆ ಆ ಮೈದಾನದಲ್ಲಿ ಓಡುವ ಹೊತ್ತು ಎಷ್ಟು ಉಳಿಯುತ್ತದೆ ಎಂದು ತಮ್ಮನೇ ಕೇಳಿಕೊಂಡ. ಅವನ ಕಾಲದಲ್ಲಿ ಬಿಟಿಎಸ್ ಬಸ್ಸು ಇಳಿದು ಹತ್ತು ನಿಮಿಷ ನಡೆದರೆ ಶಾಲೆ ಸಿಗುತ್ತಿತ್ತು.

ಅವರ ಮನೆ ರಿಚ್ಮಂಡ್ ಟೌನಿನಲ್ಲೋ ಶಾಂತಿನಗರದಲ್ಲೋ ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆನೇನೋ. ದೂರು ಕೇಳುವ ಕಿವಿ ಅಲ್ಲಿ ಇದೆ, ಮೈದಾನ ಇದೆ, ನಿಲ್ಲುವ ಮೇಷ್ಟರು ಇದ್ದಾರೆ, ಸೇರಿಸು, ಆದರೆ ಮನೆಯಲ್ಲಿ ಅಕ್ಕನ ಮಾತಿಗೆ ತಮ್ಮ ಕಿವಿಗೊಡುವುದನ್ನು ನೀನು ಕಲಿಸು ಎನ್ನುತ್ತಿದ್ದೆ. ಬನಶಂಕರಿಯ ಹುಡುಗನಿಗೆ ಹಾಗೆ ಹೇಳಲಾಗಲಿಲ್ಲ.

ಜನವರಿಯಲ್ಲಿ ಅವರು ಮಗಳ ಶಾಲೆಗೇ ಮಗನ ಶುಲ್ಕ ಕಟ್ಟಿದರು. ಅಕ್ಕ ಅಲ್ಲೇ ಓದುತ್ತಾಳೆಂದು ಸೀಟು ಬೇಗ ಸಿಕ್ಕಿತು. ಶುಲ್ಕ ಕಟ್ಟುವ ಮೊದಲು ತಮ್ಮನ ಹೆಂಡತಿ ಪ್ರಾಂಶುಪಾಲರ ಬಳಿ ಕೂತು, ಪೆಟ್ಟು ತಿಂದ ಮಗು ಯಾರಿಗೆ ಹೇಳಬೇಕು ಎಂಬುದನ್ನು ಬರಹದಲ್ಲಿ ಪಡೆದುಕೊಂಡಳು. ಶನಿವಾರಗಳಂದು ತಮ್ಮ ಇಬ್ಬರು ಮಕ್ಕಳನ್ನೂ ಜಯನಗರದ ಮೈದಾನಕ್ಕೆ ಕರೆದೊಯ್ಯುತ್ತಾನೆ.

ತನ್ನ ಶಾಲೆಯನ್ನು ಅವನು ಬಿಟ್ಟುಕೊಟ್ಟಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಪತ್ರ ಬರೆದಿದ್ದಾನೆ. ಮಾರ್ಲ್‌ಬರೊ, ರಗ್ಬಿ, ವಿಜಯಪುರ ಮೂರನ್ನೂ ಅದರಲ್ಲಿ ಹೆಸರಿಸಿ, ನಮ್ಮಲ್ಲಿ ಹುಡುಗಿಯರನ್ನು ಯಾವಾಗ ಸೇರಿಸಿಕೊಳ್ಳುತ್ತೇವೆ ಎಂದು ಕೇಳಿದ್ದಾನೆ. ಐಸಿಯು ಹೊರಗೆ ಕೂತಿದ್ದ ನಾಲ್ವರಲ್ಲಿ ಮೂವರು ಸಹಿ ಹಾಕಿದರು. ಕಳಿಸುವ ಮೊದಲು ಮಗಳಿಗೆ ಓದಿ ಹೇಳಿದ. ಉತ್ತರ ಇನ್ನೂ ಬಂದಿಲ್ಲ. ಬಂತಾ ಎಂದು ಅವಳು ವಾರಕ್ಕೊಮ್ಮೆ ಕೇಳುತ್ತಾಳೆ.